ಮಳೆಗಾಲ, ಓಡಾಟ, ಹಳೇ ಎಲೆಕ್ಟ್ರಿಕ್ ಗಿಟಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಬೇಲೂರು, ಮೂಡಿಗೆರೆ, ಹಾಸನದ ಕಡೆ ಗಿಟಾರ್ ನುಡಿಸುವ ನಾಲ್ಕು ಜನ ಸೇರಿದರೆ, ಮೃಗಶಿರಾ ಮಳೆ ಹಿಡಿದ ಮೇಲೆ ಮಾತೆಲ್ಲ ಎರಡೇ ವಿಷಯಕ್ಕೆ ಬಂದು ನಿಲ್ಲುತ್ತದೆ. ಗಿಟಾರ್ ಯಾಕೋ ಸರಿ ಇಲ್ಲ ಅನ್ನುವುದು ಒಂದು. ಈ ಮಳೆಯಲ್ಲಿ ಅದನ್ನು ಪ್ರಾಕ್ಟೀಸ್‌ಗೆ ತರೋದು ಹೇಗೆ ಅನ್ನುವುದು ಇನ್ನೊಂದು. ಅಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಮಳೆಯಲ್ಲಿ ದಿನಾ ಹೊತ್ತು ತಿರುಗೋಕೆ ಹಳೆಯ, ಅಗ್ಗದ, ಆದರೆ ಸೆಟಪ್ ಸರಿಯಾಗಿ ಮಾಡಿದ ಎಲೆಕ್ಟ್ರಿಕ್ ಗಿಟಾರೇ ಸರಿ. ಉಳಿದ ದುಡ್ಡು ತಂತಿಗೆ, ಬ್ಯಾಗಿಗೆ, ನಿಮ್ಮ ಬೈಕಿನ ಟಯರಿಗೆ ಹೋಗಲಿ.

ಹಳೇ ಅಗ್ಗದ ಗಿಟಾರ್ ಅಂದರೆ ಯಾವುದು?

ನಮ್ಮ ಕಡೆ ಕೈಗೆ ಸಿಗುವುದನ್ನೇ ಹೇಳುತ್ತೇನೆ. ಆರ್ಕೆಸ್ಟ್ರಾದವರ ಮನೆಯ ಅಟ್ಟದಲ್ಲಿ ಕೋಲ್ಕತ್ತದ ಗಿವ್ಸನ್ ಸಿಗಬಹುದು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಹೋದ ಹುಡುಗರು ಬಿಟ್ಟುಹೋದ ಸ್ಕ್ವಯರ್, ಐಬನೆಜ್ ಜಿಯೋ, ಯಮಹಾ ಪೆಸಿಫಿಕಾ, ಕೋರ್ಟ್, ಎಪಿಫೋನ್ ಸಿಗುತ್ತವೆ. ಸ್ಕ್ವಯರ್ ಎನ್ನುವುದು ಫೆಂಡರ್ ಕಂಪನಿಯದೇ ಅಗ್ಗದ ಹೆಸರು. ಈ ಹೆಸರಿನ ಗಿಟಾರ್‌ಗಳು 1982ರಲ್ಲಿ ಜಪಾನಿನಲ್ಲಿ ಶುರುವಾದವು. ಆಮೇಲೆ ಕೊರಿಯಾ, ಚೀನಾ, ಇಂಡೋನೇಷ್ಯಾಗಳಲ್ಲೂ ತಯಾರಾದವು. ಪೆಸಿಫಿಕಾ ಬಂದದ್ದು 1990ರಲ್ಲಿ. ಹತ್ತು ಹದಿನೈದು ವರ್ಷ ದಾಟಿದ ಇಂಥ ಗಿಟಾರ್ ಯಾವುದಾದರೂ ಈ ಪುಟದ ಲೆಕ್ಕಕ್ಕೆ ಬರುತ್ತದೆ.

ಅಗ್ಗದ್ದು ಅಂದಮೇಲೆ ಕಳಪೆ ಅಲ್ವಾ?

ಅಲ್ಲ. ಎಲೆಕ್ಟ್ರಿಕ್ ಗಿಟಾರಿನ ಚರಿತ್ರೆಯ ಒಂದು ಭಾಗವೇ ಅಗ್ಗದ ಗಿಟಾರ್‌ಗಳದ್ದು. 1950ರ ದಶಕದಲ್ಲಿ ಅಮೆರಿಕದ ಡೇನೆಲೆಕ್ಟ್ರೋ ಕಂಪನಿ ಮರದ ಚೌಕಟ್ಟಿನ ಮೇಲೆ ಹಾರ್ಡ್‌ಬೋರ್ಡ್ ಹಲಗೆ ಅಂಟಿಸಿ ಗಿಟಾರ್ ಮಾಡುತ್ತಿತ್ತು. ಸಿಯರ್ಸ್ ಅನ್ನುವ ಅಂಗಡಿ ಅವನ್ನೇ ಸಿಲ್ವರ್‌ಟೋನ್ ಹೆಸರಿನಲ್ಲಿ ಮಾರುತ್ತಿತ್ತು. 1962ರಲ್ಲಿ ಬಂದ ಒಂದು ಮಾದರಿಯಲ್ಲಂತೂ ಗಿಟಾರ್ ಪೆಟ್ಟಿಗೆಯ ಒಳಗೇ ಆಂಪ್, ಅಂದರೆ ಶಬ್ದ ದೊಡ್ಡದು ಮಾಡುವ ಸಾಧನ, ಇತ್ತು. ಪೆಟ್ಟಿಗೆ ತೆರೆದು ವೈರ್ ಚುಚ್ಚಿದರೆ ಆಯಿತು, ನುಡಿಸಬಹುದಿತ್ತು. ಲೆಡ್ ಜೆಪೆಲಿನ್‌ನ ಜಿಮ್ಮಿ ಪೇಜ್ ದೊಡ್ಡ ವೇದಿಕೆಗಳಲ್ಲಿ ಡೇನೆಲೆಕ್ಟ್ರೋ ನುಡಿಸಿದ್ದಾರೆ. ಶಿಕಾಗೋದ ಬ್ಲೂಸ್ ಕಲಾವಿದ ಹೌಂಡ್ ಡಾಗ್ ಟೇಲರ್ ಕೈಯಲ್ಲಿದ್ದದ್ದು ಜಪಾನಿನ ಅಗ್ಗದ ಗಿಟಾರ್.

ಕಂಪನಿಗಳು ದುಡ್ಡು ಉಳಿಸುವುದು ಎಲ್ಲಿ ಅಂತ ಗೊತ್ತಿದ್ದರೆ ಹೆದರಿಕೆ ಹೋಗುತ್ತದೆ. ಟ್ಯೂನಿಂಗ್ ಕೀ, ಪ್ಲಾಸ್ಟಿಕ್ ನಟ್ (ತಲೆಯ ಬುಡದಲ್ಲಿ ತಂತಿ ಕೂರುವ ಸೀಳುಗಳ ಪಟ್ಟಿ), ವಾಲ್ಯೂಮ್ ಪಾಟ್ (ಗುಂಡಿಯ ಕೆಳಗಿನ ಭಾಗ), ಸ್ವಿಚ್ಚು, ಜಾಕು (ವೈರ್ ಚುಚ್ಚುವ ತೂತು), ಫ್ರೆಟ್ (ಬೆರಳಿನ ಕೆಳಗಿನ ಲೋಹದ ಅಡ್ಡಪಟ್ಟಿ) ತುದಿಗಳ ಉಜ್ಜುವಿಕೆ, ಇಷ್ಟರಲ್ಲೇ ಕಡಿತ ಆಗಿರುತ್ತದೆ. ಇವೆಲ್ಲ ಬದಲಾಯಿಸಬಹುದಾದ ಅಥವಾ ಸರಿಮಾಡಬಹುದಾದ ಸಾಮಾನುಗಳು. ಸರಿ ಮಾಡಲು ಆಗದ್ದು ಒಂದೇ, ತಿರುಚಿಕೊಂಡ ನೆಕ್ (ಎಡಗೈ ಹಿಡಿಯುವ ಉದ್ದನೆಯ ಭಾಗ). ಹಾಗಾಗಿ ಕಳಪೆ ಗಿಟಾರ್ ಅಂದರೆ ಕೆಟ್ಟ ನೆಕ್ ಇರುವ ಗಿಟಾರ್. ಅದರ ಮೇಲೆ ಯಾವ ಹೆಸರಿದ್ದರೂ ಅಷ್ಟೇ.

ಇಷ್ಟು ಮಳೆಗೆ ಎಲೆಕ್ಟ್ರಿಕ್ ಗಿಟಾರ್ ತಾಳುತ್ತಾ?

ಅಕೌಸ್ಟಿಕ್‌ಗಿಂತ ಎಷ್ಟೋ ಚೆನ್ನಾಗಿ ತಾಳುತ್ತದೆ. ಅಕೌಸ್ಟಿಕ್ ಗಿಟಾರಿನ ಮೇಲಿನ ಹಲಗೆ ಮೂರು ಮಿಲಿಮೀಟರ್‌ಗಿಂತ ಹೆಚ್ಚೇನೂ ದಪ್ಪ ಇರುವುದಿಲ್ಲ, ಒಳಭಾಗಕ್ಕೆ ಪಾಲಿಶ್ ಕೂಡ ಇರುವುದಿಲ್ಲ. ಪುಷ್ಯ ಮಳೆಯ ಹೊತ್ತಿಗೆ ಅದು ಡಬ್ಬದಿಂದ ಹೊರಗಿಟ್ಟ ಹಪ್ಪಳದ ಹಾಗೆ ಗಾಳಿಯ ನೀರನ್ನೆಲ್ಲ ಹೀರುತ್ತದೆ. ಹೊಟ್ಟೆ ಉಬ್ಬಿ ತಂತಿ ಮೇಲೇಳುತ್ತದೆ. ಎಲೆಕ್ಟ್ರಿಕ್‌ನ ಬಾಡಿ ಗಟ್ಟಿ ಮರದ ದಿಮ್ಮಿ, ಸುಮಾರು ನಾಲ್ಕು ಸೆಂಟಿಮೀಟರ್ ದಪ್ಪ.

ಇನ್ನೊಂದು ಮುಖ್ಯ ವಿಷಯ ಇದೆ. ಅಗ್ಗದ ಗಿಟಾರ್‌ಗಳಿಗೆ ಹೊಡೆಯುವುದು ದಪ್ಪನೆಯ ಪಾಲಿಯೆಸ್ಟರ್ ಲೇಪ. ದುಬಾರಿ ಗಿಟಾರ್‌ಗಳಲ್ಲಿ ಕೆಲವಕ್ಕೆ ತೆಳುವಾದ ನೈಟ್ರೋ ಸೆಲ್ಯುಲೋಸ್ ಲೇಪ ಇರುತ್ತದೆ. ಸ್ವರ ಚೆನ್ನ ಅಂತ ಅದನ್ನು ಇಷ್ಟಪಡುವವರಿದ್ದಾರೆ. ಆದರೆ ಮಲೆನಾಡಿನ ಥಂಡಿಗೆ, ಬಸ್ಸಿನ ಕಂಬಿಗೆ ತಾಗುವ ಪೆಟ್ಟಿಗೆ ಪಾಲಿಯೆಸ್ಟರೇ ಮೇಲು. ನೀರು ಒಳಗೆ ಹೋಗುವ ದಾರಿ ಬೇರೆ ಕಡೆ ಇರುತ್ತದೆ: ಲೇಪ ಇಲ್ಲದ ಫಿಂಗರ್‌ಬೋರ್ಡು (ಬೆರಳು ಒತ್ತುವ ಹಲಗೆ), ನೆಕ್ ಕೂರುವ ಗುಳಿ, ಸ್ಕ್ರೂ ತೂತುಗಳು, ಲೇಪ ಎದ್ದುಹೋದ ಜಾಗ. ಆ ಜಾಗಗಳ ಮೇಲೆ ಕಣ್ಣಿಡಿ.

ಸೆಕೆಂಡ್ ಹ್ಯಾಂಡ್ ಗಿಟಾರ್ ತಗೊಳ್ಳುವಾಗ ಏನೇನು ನೋಡಬೇಕು?

ಆತುರ ಬೇಡ. "ಅಣ್ಣ, ಇದಕ್ಕೆ ಇನ್ನೂ ಇಬ್ಬರು ಕೇಳಿದ್ದಾರೆ" ಅಂತ ಮಾರುವವರು ಹೇಳಿದರೂ ಹತ್ತು ನಿಮಿಷ ಕೇಳಿ ತಗೊಳ್ಳಿ.

ಮೊದಲು ನೆಕ್. ಬಾಡಿಯನ್ನು ಗಲ್ಲದ ಹತ್ತಿರ ಹಿಡಿದು, ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಭಾಗ) ಕಡೆಯಿಂದ ತಲೆಯ ಕಡೆಗೆ ಒಂದು ಕಣ್ಣು ಮುಚ್ಚಿ ನೋಡಿ. ಬಾಗಿಲ ಹತ್ತಿರ, ಹಗಲು ಬೆಳಕಿನಲ್ಲಿ ನೋಡಿ. ಬಿಗಿದ ತಂತಿ ಯಾವಾಗಲೂ ನೇರ ಇರುತ್ತದೆ, ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ದಪ್ಪ ತಂತಿಯ ಕಡೆಯ ಅಂಚೂ ಸಣ್ಣ ತಂತಿಯ ಕಡೆಯ ಅಂಚೂ ಒಂದೇ ತರ ಹೋಗುತ್ತಿರಬೇಕು. ಎರಡೂ ಸ್ವಲ್ಪ ಬಾಗಿದ್ದರೆ ತೊಂದರೆ ಇಲ್ಲ, ನೆಕ್ ಒಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡ್, ತಿರುಗಿಸಿದರೆ ಸರಿ ಹೋಗುತ್ತದೆ. ಒಂದು ಅಂಚು ಮೇಲೆ, ಇನ್ನೊಂದು ಕೆಳಗೆ ಹೋಗುತ್ತಿದ್ದರೆ ನೆಕ್ ತಿರುಚಿದೆ ಅಂತ ಅರ್ಥ. ಎಷ್ಟೇ ಕಡಿಮೆಗೆ ಕೊಟ್ಟರೂ ಬಿಟ್ಟುಬಿಡಿ.

ಆಮೇಲೆ ಟ್ರಸ್ ರಾಡ್ ನಟ್ಟು ನೋಡಿ. ಅಲೆನ್ ಕೀ ಕೂರುವ ಆರು ಮೂಲೆ ಸವೆದು ದುಂಡಗಾಗಿದೆಯಾ? ಹಾಗಿದ್ದರೆ ಹಿಂದಿನವರು ತಪ್ಪು ಅಳತೆಯ ಕೀ ಹಾಕಿ ತಿರುಗಿಸಿದ್ದಾರೆ. ಬ್ರಿಡ್ಜ್ ಸ್ಯಾಡಲ್‌ಗಳ (ಒಂದೊಂದು ತಂತಿ ಕೂರುವ ತುಂಡುಗಳ) ಸಣ್ಣ ಸ್ಕ್ರೂಗಳು ನಮ್ಮ ಕಡೆ ತುಕ್ಕು ಹಿಡಿದು ಕಚ್ಚಿಕೊಂಡಿರುವುದು ಸಾಮಾನ್ಯ. ಒಂದೊಂದನ್ನೂ ಸ್ವಲ್ಪ ತಿರುಗಿಸಿ ನೋಡಿ. ನೆಕ್ ಸೇರುವ ಜಾಗದಲ್ಲಿ ಸಣ್ಣ ಗೆರೆ ಕಂಡರೆ ಅದು ಬಣ್ಣದ್ದೋ ಮರದ್ದೋ ಅಂತ ಉಗುರಿನಿಂದ ತಡವಿ ನೋಡಿ.

ಕೊನೆಗೆ ಆಂಪ್‌ಗೆ ಹಾಕಿ. ವಾಲ್ಯೂಮ್ ಕಡಿಮೆ ಇಟ್ಟು, ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಪಿಕಪ್‌ನ (ತಂತಿಯ ಕೆಳಗಿರುವ, ಶಬ್ದ ಹಿಡಿಯುವ ಅಯಸ್ಕಾಂತದ ಭಾಗದ) ಆರು ಚುಕ್ಕಿಗಳನ್ನು ಒಂದೊಂದಾಗಿ ಮೆಲ್ಲಗೆ ಮುಟ್ಟಿ. ಅಯಸ್ಕಾಂತ ತುದಿಯನ್ನು ಎಳೆಯುತ್ತದೆ, ಕೈ ಬಿಗಿ ಇರಲಿ. ಪ್ರತಿ ಸಲ ಆಂಪ್‌ನಲ್ಲಿ 'ಟಕ್' ಅನ್ನಬೇಕು. ಸ್ವಿಚ್ಚನ್ನು ಮುಂದಕ್ಕೆ ತಳ್ಳುತ್ತಾ ಎಲ್ಲ ಪಿಕಪ್‌ಗಳಿಗೂ ಹೀಗೇ ಮಾಡಿ. ಶಬ್ದ ಬಾರದ ಪಿಕಪ್‌ನಲ್ಲಿ ವೈರ್ ಬಿಟ್ಟಿರಬಹುದು, ಒಳಗಿನ ಸುರುಳಿ ತುಂಡಾಗಿಯೂ ಇರಬಹುದು. ವೈರ್ ಆದರೆ ಅಂಗಡಿಯಲ್ಲಿ ಒಂದು ಟಾಂಕಿ ಹಾಕಿಸಿದರೆ ಮುಗಿಯಿತು. ಸುರುಳಿ ಹೋಗಿದ್ದರೆ ಪಿಕಪ್ಪೇ ಹೊಸದು ಬೇಕು. ವಾಲ್ಯೂಮ್ ತಿರುಗಿಸಿದಾಗ ಗರಗರ ಅಂದರೆ ಚಿಂತೆ ಬೇಡ, ಅದರ ಮದ್ದು ಕೆಳಗಿದೆ. ಆ ಗರಗರ ತೋರಿಸಿ ಬೆಲೆ ಇಳಿಸಿ ಕೇಳಬಹುದು.

ಗಿಟಾರ್ ಎಷ್ಟು ಹಳೇದು ಅಂತ ತಿಳಿಯೋದು ಹೇಗೆ?

ಸೀರಿಯಲ್ ನಂಬರ್ ನೋಡಿ. ಇಂಡೋನೇಷ್ಯಾದ ಸ್ಕ್ವಯರ್‌ಗಳಲ್ಲಿ ಐಸಿಎಸ್ ಅಕ್ಷರಗಳ ನಂತರದ ಎರಡು ಅಂಕಿ ಇಸವಿ. 10 ಇದ್ದರೆ 2010. ಇಂಡೋನೇಷ್ಯಾದ ಐಬನೆಜ್‌ನಲ್ಲಿ ಐ ಅಕ್ಷರದ ನಂತರ ಎರಡು ಅಂಕಿ ಇಸವಿ, ಮುಂದಿನ ಎರಡು ತಿಂಗಳು. ತಲೆಯ ಹಿಂಭಾಗದಲ್ಲಿ ಅಥವಾ ನೆಕ್ ಸ್ಕ್ರೂಗಳ ತಗಡಿನ ಮೇಲೆ ಇರುತ್ತದೆ.

ಮಳೆ ಹಿಡಿದ ಮೇಲೆ ನೆಕ್ ಬದಲಾಗಿದೆ. ಏನು ಮಾಡಲಿ?

ಗಿಟಾರ್‌ಗೆ ಇಷ್ಟವಾಗುವುದು ಶೇಕಡಾ 45ರಿಂದ 55ರಷ್ಟು ತೇವಾಂಶ. ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಜುಲೈ ತಿಂಗಳಲ್ಲಿ ಅಷ್ಟಕ್ಕೆ ಇಳಿಯುವ ಮಾತೇ ಇಲ್ಲ. ಸಕಲೇಶಪುರದಿಂದ ಅರಸೀಕೆರೆಗೆ ಮದುವೆ ಕಾರ್ಯಕ್ರಮಕ್ಕೆ ಹೋಗುವವರಿಗೆ ಗೊತ್ತು, ಒಂದೇ ಜಿಲ್ಲೆಯೊಳಗೆ ಹವೆ ಪೂರ್ತಿ ಬೇರೆ. ನೆಕ್ಕಿನ ಮರ, ಫಿಂಗರ್‌ಬೋರ್ಡಿನ ಮರ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಊದಿಕೊಳ್ಳುತ್ತವೆ. ಹಾಗಾಗಿ ಕೆಲವು ನೆಕ್ ಮುಂದಕ್ಕೆ ಬಾಗುತ್ತವೆ, ಕೆಲವು ಹಿಂದಕ್ಕೆ. ಊಹೆ ಬೇಡ, ಅಳೆದು ನೋಡಿ.

ಟ್ಯೂನ್ ಮಾಡಿ. ದಪ್ಪ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲಿ ಎಡಗೈಯಿಂದಲೂ, ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್‌ನಲ್ಲಿ ಬಲಗೈಯಿಂದಲೂ ಒತ್ತಿ ಹಿಡಿಯಿರಿ. ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಕಾಲು ಮಿಲಿಮೀಟರ್ ಜಾಗ ಇರಬೇಕು. ಒಂದು ವಿಸಿಟಿಂಗ್ ಕಾರ್ಡ್ ಸರಾಗ ತೂರುವಷ್ಟು. ಜಾಸ್ತಿ ಇದ್ದರೆ ಟ್ರಸ್ ರಾಡನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿ ಬಿಗಿ ಮಾಡಬೇಕು. ಜಾಗವೇ ಇಲ್ಲದಿದ್ದರೆ ಎದುರು ದಿಕ್ಕಿಗೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮತ್ತೆ ಟ್ಯೂನ್ ಮಾಡಿ, ಒಂದು ರಾತ್ರಿ ಬಿಟ್ಟು, ಮರುದಿನ ಅಳೆಯಿರಿ. ಏಷ್ಯಾದಲ್ಲಿ ತಯಾರಾದ ಗಿಟಾರ್‌ಗಳಿಗೆ ಮಿಲಿಮೀಟರ್ ಅಳತೆಯ ಕೀ ಬೇಕು. ಹತ್ತಿರಹತ್ತಿರ ಕೂರುವ ಇಂಚಿನ ಕೀ ಹಾಕಿದರೆ ಮೂಲೆ ಸವೆಯುತ್ತದೆ. ಬಲ ಹಾಕಿದರೂ ತಿರುಗದಿದ್ದರೆ ನಿಲ್ಲಿಸಿ, ಗೊತ್ತಿರುವವರ ಕೈಗೆ ಕೊಡಿ.

ಇದನ್ನು ವರ್ಷಕ್ಕೆ ಎರಡು ಸಲ ಮಾಡಿದರೆ ಸಾಕು: ಆರಿದ್ರಾ ಮಳೆ ಚೆನ್ನಾಗಿ ಹಿಡಿದ ಮೇಲೆ ಒಂದು ಸಲ, ಸಂಕ್ರಾಂತಿ ಹೊತ್ತಿಗೆ ಹವೆ ಒಣಗಿದ ಮೇಲೆ ಇನ್ನೊಂದು ಸಲ. ವಾರವಾರ ತಿರುಗಿಸುವ ಚಟ ಒಳ್ಳೇದಲ್ಲ.

ವಾಲ್ಯೂಮ್ ತಿರುಗಿಸಿದರೆ ಗರಗರ ಅನ್ನುತ್ತದೆ. ಪಾಟ್ ಬದಲಾಯಿಸಬೇಕಾ?

ಹೆಚ್ಚಿನ ಸಲ ಬೇಕಾಗುವುದಿಲ್ಲ. ಪಾಟ್ ಒಳಗೆ ಇಂಗಾಲದ ಒಂದು ಪಟ್ಟಿ ಇರುತ್ತದೆ, ಅದರ ಮೇಲೆ ಲೋಹದ ಮುಳ್ಳು ಓಡುತ್ತದೆ. ಥಂಡಿಗೂ ದೂಳಿಗೂ ಅಲ್ಲಿ ಕೊಳೆ ಕೂರುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಕೇಳಿ. ಬೈಕಿನ ಚೈನಿಗೆ, ಬಾಗಿಲ ತಿರುಗಣಿಗೆ ಹೊಡೆಯುವ ಸ್ಪ್ರೇ ಬೇಡ. ಅದು ಎಣ್ಣೆ ಬಿಟ್ಟು ಹೋಗುತ್ತದೆ, ಆ ಎಣ್ಣೆಗೆ ಮತ್ತೆ ದೂಳು ಅಂಟುತ್ತದೆ.

ಪಿಕ್‌ಗಾರ್ಡಿನ (ಬಾಡಿಯ ಮುಂದಿನ ಪ್ಲಾಸ್ಟಿಕ್ ಹಲಗೆಯ) ಸ್ಕ್ರೂ ಬಿಚ್ಚಿ ಮೆಲ್ಲಗೆ ಮಗುಚಿ. ಸ್ಕ್ರೂಗಳನ್ನು ತಟ್ಟೆಯಲ್ಲಿ ಹಾಕಿಡಿ. ಪಾಟ್‌ನ ಕಾಲುಗಳ ಮೇಲ್ಗಡೆ ಒಂದು ಸಣ್ಣ ಕಿಂಡಿ ಕಾಣುತ್ತದೆ. ಸ್ಪ್ರೇಯ ಕೆಂಪು ನಳಿಗೆ ಅಲ್ಲಿಟ್ಟು ಒಂದು ಚಿಮ್ಮು ಹೊಡೆದು, ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಪಿಕಪ್ ಸ್ವಿಚ್ಚಿಗೂ ಜಾಕಿಗೂ ಒಂದೊಂದು ಚಿಮ್ಮು. ಹತ್ತು ನಿಮಿಷ ಆರಲು ಬಿಟ್ಟು ಹಾಕಿ ನೋಡಿ. ಶಬ್ದ ಹೋಗಿರುತ್ತದೆ. ಆಮೇಲೂ ಉಳಿದರೆ ಪಾಟ್ ಬದಲಿಸಿ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಗಿಟಾರಿಗೆ 250 ಕೆ, ಹಂಬಕರ್ (ಎರಡು ಸುರುಳಿಯದು) ಇದ್ದರೆ 500 ಕೆ. ಹಳೇ ಪಾಟ್ ಸಣ್ಣದಿದ್ದರೆ ಹೊಸದೂ ಅದೇ ಅಳತೆಯದ್ದೇ ಇರಲಿ. ಇಲ್ಲದಿದ್ದರೆ ಗುಳಿಯಲ್ಲಿ ಕೂರುವುದಿಲ್ಲ.

ತಂತಿ ಎರಡೇ ವಾರಕ್ಕೆ ತುಕ್ಕು ಹಿಡಿಯುತ್ತದೆ.

ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಪ್ರತಿ ತಂತಿಯನ್ನೂ ಕೆಳಗಡೆಯಿಂದಲೂ ಹಿಡಿದು ಒರೆಸಿ. ತುಕ್ಕು ಶುರುವಾಗುವುದು ಕೆಳಗಿನ ಬದಿಯಲ್ಲಿ. ಹಳೇ ಪಂಚೆ ತುಂಡು ಇದಕ್ಕೆ ಸೊಗಸು. ಮಳೆಗಾಲಕ್ಕೆ ಮಾತ್ರ ಲೇಪ ಇರುವ ತಂತಿ ತಗೊಳ್ಳಿ. ಬೆಲೆ ಜಾಸ್ತಿ, ಆದರೆ ನಾಲ್ಕು ತಿಂಗಳಲ್ಲಿ ಲೆಕ್ಕ ಸರಿ ಹೋಗುತ್ತದೆ. ಹೊಸ ಪ್ಯಾಕೆಟ್‌ಗಳನ್ನು ಗಾಳಿಯಾಡದ ಡಬ್ಬದಲ್ಲಿಡಿ.

ಗಿಟಾರ್ ಎಲ್ಲಿಡಬೇಕು? ಬೀರುವಿನಲ್ಲಿ ಬಲ್ಬು ಉರಿಸಿದರೆ ಒಳ್ಳೇದಾ?

ಬಟ್ಟೆ ಬೀರುವಿನಲ್ಲಿ ಸಣ್ಣ ಬಲ್ಬು ಉರಿಸುವುದು ನಮ್ಮ ಕಡೆ ಹಳೆಯ ರೂಢಿ. ಗಿಟಾರ್‌ಗೆ ಅದು ಬೇಡ ಅನ್ನುತ್ತೇನೆ. ಹತ್ತಿರದ ಲೇಪಕ್ಕೆ ಬಿಸಿ ತಾಗುತ್ತದೆ, ಬ್ಯಾಗಿನ ಫೋಮಿಗೆ ಬೆಂಕಿ ಹತ್ತುವ ಭಯ ಬೇರೆ. ಅಡುಗೆಮನೆ ಹತ್ತಿರದ, ಹೊರಗೋಡೆ ಅಲ್ಲದ ಗೋಡೆಗೆ ನೇತುಹಾಕಿ. ಮಳೆ ಬಡಿಯುವ ಪಶ್ಚಿಮದ ಗೋಡೆ ಯಾವತ್ತೂ ಬೇಡ, ಬೇಸಿಗೆಯಲ್ಲೂ ಅದರೊಳಗೆ ಥಂಡಿ ಉಳಿದಿರುತ್ತದೆ. ಗಾಳಿ ಆಡುವ ಜಾಗದಲ್ಲಿ, ದಿನಾ ಕೈಗೆ ಸಿಗುವ ಹಾಗೆ ಇಟ್ಟರೆ ಅರ್ಧ ತೊಂದರೆ ಕಡಿಮೆ ಆಗುತ್ತದೆ.

ಬ್ಯಾಗಿನಲ್ಲೇ ಇಡಬೇಕಾದರೆ ಸಿಲಿಕಾ ಜೆಲ್ ಹಾಕಿ. ಶೂ ಪೆಟ್ಟಿಗೆಯ ಸಣ್ಣ ಪೊಟ್ಟಣ ಸಾಲುವುದಿಲ್ಲ, ನೂರು ಇನ್ನೂರು ಗ್ರಾಂ ಬೇಕು. ನೀಲಿ ಹರಳು ನೀರು ಕುಡಿದು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ನೀಲಿ ಬಣ್ಣಕ್ಕೆ ಹಾಕುವ ಕೋಬಾಲ್ಟ್ ಕ್ಲೋರೈಡ್ ವಿಷ. ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಬೇಡಿ, ಮಕ್ಕಳ ಕೈಗೆ ಸಿಗಬಾರದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕಿತ್ತಳೆ ಬಣ್ಣದ ಹರಳು ಕೇಳಿ ತನ್ನಿ.

ಫಿಂಗರ್‌ಬೋರ್ಡಿಗೆ ಬೂಷ್ಟು ಹಿಡಿದಿದೆ. ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಬೇಡ, ಕೊಬ್ಬರಿ ಎಣ್ಣೆ ಮುಗ್ಗುತ್ತದೆ, ಅಂಟಾಗುತ್ತದೆ. ತಂತಿ ಬಿಚ್ಚಿ, ಒಣ ಬಟ್ಟೆಯಿಂದ ಬೂಷ್ಟು ತೆಗೆದು, ಫಿಂಗರ್‌ಬೋರ್ಡಿಗೆ ಅಂತಲೇ ಸಿಗುವ ಎಣ್ಣೆಯನ್ನು ನಾಲ್ಕು ಹನಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಪೂರ್ತಿ ಒರೆಸಿ. ವರ್ಷಕ್ಕೆ ಒಂದು ಸಲ ಸಾಕು. ಲೇಪ ಇರುವ ಬಿಳಿ ಮೇಪಲ್ ಫಿಂಗರ್‌ಬೋರ್ಡಿಗೆ ಎಣ್ಣೆಯೇ ಬೇಡ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕಪ್ಪು ಕಂದು ಹಲಗೆ ಬಹಳ ಗಿಟಾರ್‌ಗಳಲ್ಲಿ ದಕ್ಷಿಣ ಭಾರತದ ಬೀಟೆ. ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತಿರುವ ಅದೇ ಜಾತಿಯ ಮರ. 2017ರಲ್ಲಿ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಮ ಬಿಗಿಯಾಯಿತು. ಅಗ್ಗದ ಗಿಟಾರ್ ಮಾಡುವವರಲ್ಲಿ ಹಲವರು ಆಗ ಇಂಡಿಯನ್ ಲಾರೆಲ್‌ಗೆ ಹೋದರು. ಅದು ನಮ್ಮ ಮತ್ತಿ ಮರ. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಂತೂ ಬೀಟೆ ಇರಲಿ, ಮತ್ತಿ ಇರಲಿ, ಮಲೆನಾಡಿನ ಮಳೆ ಕಂಡ ಜಾತಿಯ ಮರವೇ ನಿಮ್ಮ ಬೆರಳಿನ ಕೆಳಗಿದೆ. ನನಗೆ ಇದು ಬಹಳ ಇಷ್ಟದ ಸಂಗತಿ.

ಬೈಕಿನಲ್ಲಿ ಗಿಟಾರ್ ಹೇಗೆ ತರೋದು?

ಜಿಟಿಜಿಟಿ ಮಳೆಗೆ ತರಬಹುದು. ಗಾಳಿ ಸಮೇತ ಬಡಿಯುವ ಮಳೆಯಿದ್ದರೆ ಬೈಕ್ ಬಿಡಿ.

ಗಿಟಾರ್ ಬ್ಯಾಗಿನ ಬಟ್ಟೆ ನೀರು ತಡೆದರೂ ಜಿಪ್ ತಡೆಯುವುದಿಲ್ಲ. ಬೆನ್ನಿಗೆ ಹಾಕಿದಾಗ ಜಿಪ್ಪಿನ ಮೇಲ್ತುದಿ ತಲೆಗಿಂತ ಮೇಲಿರುತ್ತದೆ, ನೀರು ಅಲ್ಲಿಂದಲೇ ಇಳಿಯುತ್ತದೆ. ಬ್ಯಾಗಿನ ಹೊರಗೆ ಮಾತ್ರ ಕವರ್ ಹಾಕಿದರೆ ಸಾಲದು. ಗಿಟಾರನ್ನೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಕೆಳಗೆ ಬರುವ ಹಾಗೆ ಮಡಚಿ, ಆಮೇಲೆ ಬ್ಯಾಗಿಗೆ ಇಳಿಸಿ. ಗೊಬ್ಬರದ ಚೀಲದ ಒಳಗೆ ಬರುವ ಪ್ಲಾಸ್ಟಿಕ್ ಬೇಡ, ಅದರಲ್ಲಿ ಉಳಿದ ಪುಡಿ ಲೋಹವನ್ನು ತಿನ್ನುತ್ತದೆ. ಹೊಸ ಚೀಲ ತನ್ನಿ. ತಲುಪಿದ ಕೂಡಲೇ ಪ್ಲಾಸ್ಟಿಕ್ ತೆಗೆಯಿರಿ. ಒಳಗೆ ಸಿಕ್ಕಿಕೊಂಡ ಥಂಡಿ ಮಳೆಗಿಂತ ಕೆಟ್ಟದ್ದು.

ಇನ್ನು ಓಡಿಸುವವರ ವಿಷಯ. ಗಿಟಾರ್ ಬೆನ್ನ ಮೇಲೆ ಇದ್ದರೆ ಅಡ್ಡಗಾಳಿ ಬೈಕನ್ನು ತಳ್ಳುತ್ತದೆ. ನೆಕ್ ಮೇಲೆ ಬಂದು ಹೆಲ್ಮೆಟ್‌ಗೆ ತಾಗಿದರೆ ತಲೆ ತಿರುಗಿಸಿ ಹಿಂದೆ ನೋಡಲು ಆಗುವುದಿಲ್ಲ. ಪಟ್ಟಿ ಸಡಿಲಿಸಿ, ಬ್ಯಾಗಿನ ಕೆಳತುದಿ ಸೀಟಿನ ಮೇಲೆ ಕೂರುವ ಹಾಗೆ ಮಾಡಿಕೊಳ್ಳಿ. ಆಲ್ದೂರು, ಮಲ್ಲಂದೂರು ರಸ್ತೆಗಳಲ್ಲಿ ತೋಟದ ನೆರಳಿಗೆ ಪಾಚಿ ಕಟ್ಟಿರುತ್ತದೆ, ಬಿದ್ದ ಎಲೆಗಳೂ ಜಾರುತ್ತವೆ. ಮಂಜು ಕವಿದಾಗ ಲೈಟ್ ಕೆಳಗಿಳಿಸಿ ಓಡಿಸಿ. ಮೇಲಿನ ಲೈಟು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಪ್ರಾಕ್ಟೀಸ್‌ಗೆ ಅರ್ಧ ಗಂಟೆ ತಡವಾದರೆ ಯಾರೂ ಬೈಯುವುದಿಲ್ಲ.

ಬಸ್ಸಿನಲ್ಲಿ ಎಲ್ಲಿಡಬೇಕು?

ಚಿಕ್ಕಮಗಳೂರಿನಿಂದ ಬೇಲೂರು ದಾಟಿ ಹಾಸನಕ್ಕೆ ಸುಮಾರು 60 ಕಿಲೋಮೀಟರ್. ದಿನಾ ಈ ದಾರಿಯಲ್ಲಿ ಗಿಟಾರ್ ಹಿಡಿದು ಓಡಾಡುವ ವಿದ್ಯಾರ್ಥಿಗಳಿದ್ದಾರೆ. ಉತ್ತಮ ಜಾಗ ನಿಮ್ಮ ಎರಡು ಮೊಣಕಾಲುಗಳ ನಡುವೆ, ನೆಕ್ ಮೇಲೆ ಮಾಡಿ. ಮೇಲಿನ ಕ್ಯಾರಿಯರ್‌ನಲ್ಲಿ ತಿರುವಿಗೆ ಜಾರುತ್ತದೆ, ಕಿಟಕಿ ಶಟರ್‌ನಿಂದ ಸೋರುವ ನೀರೂ ಬೀಳಬಹುದು. ಡಿಕ್ಕಿಯಲ್ಲಿ ತರಕಾರಿ ಮೂಟೆ, ಒದ್ದೆ ಗೋಣಿಚೀಲಗಳ ಕೆಳಗೆ ಸಿಕ್ಕಿಕೊಳ್ಳುತ್ತದೆ. ಹಳೇ ಬಸ್ಸುಗಳಲ್ಲಿ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಇಡಿ ಅಂತ ಪ್ರೀತಿಯಿಂದಲೇ ಹೇಳುತ್ತಾರೆ. "ಬೇಡ ಅಣ್ಣ, ಬಿಸಿಗೆ ಅಂಟು ಬಿಡುತ್ತೆ" ಅನ್ನಿ, ಅರ್ಥ ಮಾಡಿಕೊಳ್ಳುತ್ತಾರೆ. ಲಗೇಜ್ ಟಿಕೆಟ್ ಕೇಳಿದರೆ ಜಗಳ ಬೇಡ, ತಗೊಳ್ಳಿ. ಬೆಳಗ್ಗೆ ಕಾಲೇಜಿನ ಹೊತ್ತಿನ ಬಸ್ಸು ಬಿಟ್ಟು ಅದರ ಹಿಂದಿನದ್ದಕ್ಕೆ ಹತ್ತಿದರೆ ಕೂರೋಕೆ ಜಾಗ ಸಿಗುತ್ತದೆ.

ರೈಲು?

ಸಮಯ ಹೊಂದಿದರೆ ರೈಲೇ ಎಲ್ಲಕ್ಕಿಂತ ಮೇಲು. ಚಿಕ್ಕಮಗಳೂರು–ಕಡೂರು ಮಾರ್ಗ 2013ರಲ್ಲಿ ಶುರುವಾಯಿತು. ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ದಾರಿಯ ಬೆಂಗಳೂರು ರೈಲು 2017ರಿಂದ ಇದೆ. ಮೇಲಿನ ಬರ್ತ್‌ನಲ್ಲಿ ಗಿಟಾರ್ ಮಲಗಿಸಬಹುದು.

ಘಾಟಿ ಬಂದ್ ಆದರೆ ಕಾರ್ಯಕ್ರಮದ ಗತಿ?

ಶಿರಾಡಿ, ಚಾರ್ಮಾಡಿ ಎರಡೂ ಜುಲೈ ಆಗಸ್ಟ್‌ನಲ್ಲಿ ಗುಡ್ಡ ಕುಸಿದರೆ ನಿಲ್ಲುತ್ತವೆ. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗಕ್ಕೂ ಅದೇ ಕಷ್ಟ. ಕರಾವಳಿಯ ಕಾರ್ಯಕ್ರಮ ಒಪ್ಪಿಕೊಳ್ಳುವಾಗಲೇ ಆಯೋಜಕರ ಜೊತೆ ಮಾತಾಡಿ: ರಸ್ತೆ ಮುಚ್ಚಿದರೆ ದಿನ ಮುಂದಕ್ಕೆ ಹೋಗಬೇಕು, ಮುಂಗಡ ವಾಪಸ್ ಕೇಳಬಾರದು. ವಾಟ್ಸಾಪ್‌ನಲ್ಲಿ ಬರೆದಿಟ್ಟುಕೊಂಡರೆ ಸಾಕು. ಜಿಲ್ಲಾಡಳಿತ ರಜೆ ಕೊಟ್ಟ ದಿನ ಪ್ರಾಕ್ಟೀಸೂ ಬೇಡ.

ಬ್ಯಾಗು ಪೂರ್ತಿ ನೆನೆದು ಹೋಯಿತು. ಈಗ?

ಗಿಟಾರನ್ನು ಕೂಡಲೇ ಹೊರಗೆ ತೆಗೆಯಿರಿ. ಹೊರಗೆ ಒಣಗಿದ ಹಾಗೆ ಕಂಡರೂ ಬ್ಯಾಗಿನ ಫೋಮ್ ದಿನಗಟ್ಟಲೆ ನೀರು ಹಿಡಿದಿರುತ್ತದೆ. ಗಿಟಾರ್ ಒರೆಸಿ, ಬ್ರಿಡ್ಜ್ ಮತ್ತು ಜಾಕ್ ಹತ್ತಿರ ಬಟ್ಟೆಯ ಮೂಲೆ ತೂರಿಸಿ ಒರೆಸಿ. ಹಿಂದಿನ ತಗಡು, ಪಿಕ್‌ಗಾರ್ಡ್ ಬಿಚ್ಚಿ ಗುಳಿಯಲ್ಲಿ ನೀರಿದೆಯಾ ನೋಡಿ. ಫ್ಯಾನಿನ ಗಾಳಿಗೆ ಇಡಿ. ಒಲೆ ಹತ್ತಿರ, ಹೇರ್ ಡ್ರೈಯರ್ ಕೆಳಗೆ ಬೇಡ, ಮರ ಒಂದೇ ಕಡೆ ಒಣಗಿ ಸೀಳುತ್ತದೆ. ಒಣಗುವವರೆಗೆ ಆಂಪ್‌ಗೆ ಹಾಕಬೇಡಿ. ಬ್ಯಾಗನ್ನು ಒಳಮಗ್ಗುಲು ಹೊರಗೆ ಮಾಡಿ ನೇತುಹಾಕಿ. ಮುಗ್ಗಲು ವಾಸನೆ ಹೋಗುವವರೆಗೆ ಗಿಟಾರ್ ಅದರೊಳಗೆ ಹೋಗಬಾರದು.

ಗಣಪತಿ ಪೆಂಡಾಲಿನಲ್ಲಿ, ಮಳೆಯಲ್ಲಿ ನುಡಿಸುವುದು ಸುರಕ್ಷಿತವಾ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಗಿಟಾರಿನ ತಂತಿಗಳು ಬ್ರಿಡ್ಜ್ ಮೂಲಕ, ಕೇಬಲ್ ಮೂಲಕ ಆಂಪ್‌ನ ಲೋಹದ ಮೈಗೆ ಸೇರಿರುತ್ತವೆ. ಅಲ್ಲಿಂದ ಮೂರನೇ ಪಿನ್ನಿನ ಮೂಲಕ ಅರ್ತಿಂಗ್‌ಗೆ ಹೋಗಬೇಕು. ಪೆಂಡಾಲಿನ ತಾತ್ಕಾಲಿಕ ವೈರಿಂಗ್‌ನಲ್ಲಿ ಆ ಅರ್ತಿಂಗೇ ಇಲ್ಲದಿರಬಹುದು. ಮೈಕ್ ಇನ್ನೊಂದು ಸೆಟ್ಟಿಗೆ, ಇನ್ನೊಂದು ಲೈನಿಗೆ ಸೇರಿರುತ್ತದೆ. ಕೈ ತಂತಿಯ ಮೇಲೆ, ತುಟಿ ಮೈಕಿಗೆ, ಕಾಲು ಒದ್ದೆ ನೆಲದಲ್ಲಿ. ನಮ್ಮ ಮನೆಗಳ ಕರೆಂಟ್ 230 ವೋಲ್ಟ್. ಇದರಿಂದ ಜೀವ ಹೋಗಬಹುದು.

ನುಡಿಸುವ ಮೊದಲು ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಒಂದು ಮುಳ್ಳು ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಮುಟ್ಟಿಸಿ. ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಮೈಕ್ ಸೆಟ್‌ನವರನ್ನು ಕರೆದು ಸರಿ ಮಾಡಿಸುವವರೆಗೆ ಗಿಟಾರ್ ಮುಟ್ಟಬೇಡಿ. ಆಂಪ್ ಮತ್ತು ಮೈಕ್ ಸೆಟ್ ಒಂದೇ ಬೋರ್ಡಿನಿಂದ ಕರೆಂಟ್ ತಗೊಳ್ಳಲಿ. ಆ ಲೈನಿಗೆ 30 ಮಿಲಿ ಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲಿ. ಹಮ್ (ಆಂಪ್‌ನ ಗುಯ್ ಶಬ್ದ) ಕಡಿಮೆ ಆಗುತ್ತದೆ ಅಂತ ಮೂರನೇ ಪಿನ್ ಕತ್ತರಿಸುವವರನ್ನು ಕಂಡರೆ ತಡೆಯಿರಿ. ಗಿಟಾರ್‌ಗೆ ವೈರ್‌ಲೆಸ್ ಹಾಕಿದರೆ ತಂತಿಯಿಂದ ಆಂಪ್‌ಗೆ ಹೋಗುವ ದಾರಿಯೇ ತುಂಡಾಗುತ್ತದೆ, ಅದು ದೊಡ್ಡ ರಕ್ಷೆ. ಮೈಕಿಗೆ ಸ್ಪಂಜಿನ ಟೋಪಿ ಹಾಕಿ. ಒಣ ಹಲಗೆಯ ಮೇಲೆ, ರಬ್ಬರ್ ಚಪ್ಪಲಿ ಹಾಕಿ ನಿಲ್ಲಿ. ಪೆಂಡಾಲ್ ಸೋರಲು ಶುರುವಾದರೆ ಕಾರ್ಯಕ್ರಮ ನಿಲ್ಲಿಸಿ. ಜನ ಬೇಸರ ಮಾಡಿಕೊಂಡರೂ ಪರವಾಗಿಲ್ಲ.

ಕರೆಂಟ್ ಹೋಗಿ ಯುಪಿಎಸ್ ಬಂದ ಕೂಡಲೇ ಆಂಪ್ ಗುಯ್ ಅನ್ನುತ್ತದೆ.

ಅದು ಸ್ಕ್ವೇರ್ ವೇವ್ ಇನ್‌ವರ್ಟರ್ ಇರಬೇಕು. ಶುದ್ಧ ಸೈನ್ ವೇವ್ ಇನ್‌ವರ್ಟರ್‌ನಲ್ಲಿ ಈ ತೊಂದರೆ ಬಹಳ ಕಡಿಮೆ. ಗಿಟಾರಿಗೇ ಚುಚ್ಚುವ ಸಣ್ಣ ಚಾರ್ಜಿಂಗ್ ಹೆಡ್‌ಫೋನ್ ಆಂಪ್ ಒಂದಿದ್ದರೆ ಮನೆಯಲ್ಲಿ ಅಭ್ಯಾಸ ನಿಲ್ಲುವುದಿಲ್ಲ. ಸಿಂಗಲ್ ಕಾಯಿಲ್ ಪಿಕಪ್ ಕರೆಂಟ್ ಇದ್ದಾಗಲೂ 50 ಹರ್ಟ್ಸ್‌ನ ಹಮ್ ಹಿಡಿಯುತ್ತದೆ. ಇದನ್ನು ನೀಗಿಸೋಕೆ ಅಂತಲೇ 1950ರ ದಶಕದಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಯ ಹಂಬಕರ್ ಮಾಡಿದ್ದು. ಹಳೇ ಗಿಟಾರಿನ ಗುಳಿಗೆ ತಾಮ್ರದ ಅಂಟುಪಟ್ಟಿ ಮೆತ್ತಿ ಅದನ್ನು ಗ್ರೌಂಡ್‌ಗೆ ಸೇರಿಸಿದರೆ ಗುಯ್ ಶಬ್ದ ಎಷ್ಟೋ ಇಳಿಯುತ್ತದೆ.

ಏಪ್ರಿಲ್, ಮೇ ತಿಂಗಳ ಭರಣಿ, ಕೃತ್ತಿಕಾ ಮಳೆಯಲ್ಲಿ ಸಿಡಿಲು ಜಾಸ್ತಿ. ಗುಡುಗು ಕೇಳಿದ ಕೂಡಲೇ ಆಂಪ್‌ನ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಹಳೇ ಗಿಟಾರಿಗೆ ಹೊಸ ಪಿಕಪ್ ಹಾಕಿಸಲಾ?

ಮೊದಲು ಟ್ಯೂನಿಂಗ್ ನಿಲ್ಲುವ ಹಾಗೆ ಮಾಡಿ. ನಟ್‌ನ ಸೀಳುಗಳಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದ್ದರೆ ಪೆನ್ಸಿಲಿನ ಸೀಸ ಉಜ್ಜಿ. ಕೀಗಳು ಸಡಿಲ ಇದ್ದರೆ ಬದಲಿಸಿ. ಆಮೇಲೆ ಜಾಕು. ಪಿಕಪ್ ಕೊನೆಗೆ. ಅಗ್ಗದ ಗಿಟಾರ್‌ಗಳ ಸೆರಾಮಿಕ್ ಅಯಸ್ಕಾಂತದ ಪಿಕಪ್ ಚೂಪು ಶಬ್ದದ್ದು ನಿಜ. ಆದರೆ ಎತ್ತರ ಸ್ವಲ್ಪ ಇಳಿಸಿ, ಟೋನ್ ಗುಂಡಿ ಸ್ವಲ್ಪ ಹಿಂದಕ್ಕೆ ತಿರುಗಿಸಿ ಕೇಳಿ. ಹೆಚ್ಚಿನವರಿಗೆ ಅಷ್ಟೇ ಸಾಕಾಗುತ್ತದೆ.

ಮಳೆಗಾಲ ಮುಗಿದ ಮೇಲೆ?

ದೀಪಾವಳಿ ಕಳೆದ ಮೇಲೆ ಸಿಲಿಕಾ ಜೆಲ್ ತೆಗೆದಿಡಿ. ಜನವರಿ, ಫೆಬ್ರವರಿಯ ಒಣ ಗಾಳಿಗೆ ಮರ ಕುಗ್ಗಿ ಫ್ರೆಟ್ ತುದಿಗಳು ಹೊರಗೆ ಬಂದು ಕೈಗೆ ಚುಚ್ಚುತ್ತವೆ, ಹಾಸನದ ಪೂರ್ವದ ತಾಲ್ಲೂಕುಗಳಲ್ಲಿ ಇದು ಇನ್ನೂ ಜಾಸ್ತಿ. ಸಣ್ಣ ಅರದಿಂದ ನಯ ಮಾಡಿಸುವುದಾದರೆ ಆಗಲೇ ಮಾಡಿಸಿ. ಒಣ ಕಾಲದಲ್ಲಿ ಉಜ್ಜಿದ ಫ್ರೆಟ್ ಮಳೆಗಾಲದಲ್ಲಿ ಚುಚ್ಚುವುದಿಲ್ಲ. ಸ್ಯಾಡಲ್ ಸ್ಕ್ರೂಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಬಿಟ್ಟು, ಹೊಸ ತಂತಿ ಹಾಕಿ.